ಶ್ರೀರಂಗಪಟ್ಟಣದ ದೊಡ್ಡಸ್ವಾಮಿ: ಒಂದು ವಿಶ್ವಾಸದ ಪರೀಕ್ಷೆ

1. ಪೀಠಿಕೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಲ್ಲಿ ಮೈಸೂರಿನ ಇತಿಹಾಸವನ್ನು ಬೋಧಿಸುವವರಿಗೆ 1799ನೆಯ ವರ್ಷವು ತೀರ ಸಮೀಪದ್ದು. ಆ ವರ್ಷದ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನವಾಯಿತು. ಅನಂತರ ಇಂಗ್ಲಿಷರ ದಂಡು ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಇಷ್ಟನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಬಲ್ಲರು. ಆದರೆ ಒಮ್ಮೆ ತರಗತಿಯಲ್ಲಿ ಮಳವಳ್ಳಿಯ ಕಡೆಯ ವಿದ್ಯಾರ್ಥಿಯೊಬ್ಬನು, "ಕೋಟೆ ಬಿದ್ದ ಮೇಲೆ ಅಲ್ಲಿ ಸೆರೆಯಲ್ಲಿದ್ದವರ ಗತಿ ಏನಾಯಿತು, ಸಾರ್?" ಎಂದು ಕೇಳಿದನು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಸೆರೆಯಲ್ಲಿದ್ದವರಲ್ಲಿ ಹಲವು ಬಗೆಯ ಜನರಿದ್ದರು. ಅವರಲ್ಲಿ ದೊಡ್ಡದೊಂದು ಗುಂಪು ಕೆನರಾ ಪ್ರಾಂತದಿಂದ ಹಿಡಿದು ತಂದ ಕ್ರೈಸ್ತರದು. ಅವರನ್ನು ಮತ್ತೆ ಧರ್ಮಸಭೆಯೊಳಕ್ಕೆ ಸೇರಿಸಿಕೊಳ್ಳುವ ಕಾರ್ಯಕ್ಕಾಗಿ ಶ್ರೀರಂಗಪಟ್ಟಣಕ್ಕೆ ಬಂದವನು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ. ಈತನು 'ಹಿಂದೂಗಳ ಆಚಾರ ವ್ಯವಹಾರಗಳು' ಎಂಬ ಅರ್ಥದ ಹೆಸರುಳ್ಳ ಗ್ರಂಥದಿಂದ ವಿದ್ವಾಂಸರಿಗೆ ಪರಿಚಿತನಾಗಿದ್ದಾನೆ. ಆದರೆ ಪ್ರಸ್ತುತ ಲೇಖನದಲ್ಲಿ ಆ ಗ್ರಂಥಕ್ಕಿಂತ ಆತನ ಬಾಳನ್ನು ಗಮನಿಸುವುದು ನಮ್ಮ ಉದ್ದೇಶ. ಒಬ್ಬ ಮನುಷ್ಯನು ತನ್ನ ದೇವರನ್ನು ನಂಬಿದ್ದಾನೆಂದೂ ಆ ದೇವರಿಗೆ ವಿಧೇಯನಾಗಿದ್ದಾನೆಂದೂ ಇತಿಹಾಸಕಾರನು ಯಾವುದರಿಂದ ತಿಳಿಯಬೇಕು? ಗೆದ್ದದ್ದರಿಂದಲೆ, ಪ್ರಾಣ ಕೊಟ್ಟದ್ದರಿಂದಲೆ, ಅಥವಾ ದಿನದಿನದ ನಡತೆಯಿಂದಲೆ? ದುಬ್ವಾನ ಬದುಕು ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

2. ಕಾವೇರಿಯ ದಡದಲ್ಲಿ ಕ್ರೈಸ್ತಮತ

ಮೈಸೂರು ಸೀಮೆಗೆ ಕ್ರೈಸ್ತಮತವು ಇಂಗ್ಲಿಷರ ಬೆನ್ನುಹತ್ತಿ ಬಂದಿತೆಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 17ನೆಯ ಶತಮಾನದ ಮಧ್ಯಭಾಗದಲ್ಲಿಯೇ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿಯು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದನು. ಈತನು ಕನ್ನಡವನ್ನು ಕಲಿತು ಆ ಭಾಷೆಯ ವ್ಯಾಕರಣವನ್ನೂ ಮತಬೋಧೆಯ ಬರಹಗಳನ್ನೂ ಸಿದ್ಧಪಡಿಸಿದನು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿಯು ಹಿಡಿದಿದ್ದ ಮಾರ್ಗವೇ ಇಲ್ಲಿಯೂ ಮಾದರಿಯಾಯಿತು. ಪಾದ್ರಿಯು ಸನ್ಯಾಸಿಯ ವೇಷದಲ್ಲಿರಬೇಕು, ಈ ನಾಡಿನವರ ಆಹಾರವನ್ನು ಉಣ್ಣಬೇಕು, ಇಲ್ಲಿನ ನುಡಿಯಲ್ಲಿಯೇ ಬೋಧಿಸಬೇಕು ಎಂಬುದು ಆ ಮಾರ್ಗದ ಸಾರ.

1773ರಲ್ಲಿ ಪೋಪರ ಆಜ್ಞೆಯಿಂದ ಜೆಸ್ವಿಟ್ ಸಂಘವೇ ವಿಸರ್ಜಿತವಾದಾಗ ದಕ್ಷಿಣದಲ್ಲಿ ಆ ಸಂಘದ ಕೆಲಸವನ್ನು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘವು ವಹಿಸಿಕೊಂಡಿತು. ಆ ಸಂಘದ ಪಾದ್ರಿಗಳು ಹೊರಡುವಾಗಲೇ ತಾಯ್ನಾಡಿಗೆ ಮರಳುವ ಆಸೆಯನ್ನು ಬಿಟ್ಟು ಹೊರಡತಕ್ಕವರು. ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ ಹುಟ್ಟಿದ ಜ್ಯಾನ್ ಆಂತ್ವಾನ್ ದುಬ್ವಾ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟನು. ಫ್ರಾನ್ಸಿನ ಮಹಾಕ್ರಾಂತಿಯು ಪಾದ್ರಿಗಳ ತಲೆಗೆ ಕುತ್ತು ತಂದಿದ್ದ ವರ್ಷ ಅದು. ಪುದುಚೇರಿಗೆ ಬಂದಿಳಿದ ಈತನು ಮೊದಲ ಕೆಲವು ವರ್ಷಗಳನ್ನು ತಮಿಳು ಸೀಮೆಯ ಹಳ್ಳಿಗಳಲ್ಲಿ ಕಳೆದನು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಸೀಮೆಗೆ ಬಂದನು. ಆಗ ಅಲ್ಲಿ ಅಧಿಕಾರ ವಹಿಸಿದ್ದ ಕರ್ನಲ್ ಆರ್ಥರ್ ವೆಲೆಸ್ಲಿಯ ಸಲಹೆಯ ಮೇಲೆ ಈತನನ್ನು ಕರೆಸಲಾಯಿತು ಎಂದು ಈತನ ಗ್ರಂಥದ ಸಂಪಾದಕನಾದ ಬ್ಯೂಚಾಂಪ್ ಹೇಳುತ್ತಾನೆ.

ದುಬ್ವಾ ಕಂಡ ನಾಡು ಹೇಗಿತ್ತೆಂಬುದನ್ನು ಫ್ರಾನ್ಸಿಸ್ ಬುಕನನ್ನನ ಪ್ರವಾಸದ ಬರಹದಿಂದ ಊಹಿಸಬಹುದು. 1800ರಲ್ಲಿ ಮದ್ದೂರು, ಮಂಡ್ಯಗಳ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಬುಕನನ್ನನು ಯುದ್ಧಗಳಿಂದ ಈ ಸೀಮೆಗೆ ಒದಗಿದ್ದ ಹಾಳನ್ನು ದಾರಿಯುದ್ದಕ್ಕೂ ಗುರುತಿಸಿದ್ದಾನೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಒಂದೂವರೆ ಲಕ್ಷದಷ್ಟು ಜನರಿದ್ದಿರಬೇಕೆಂದು ಆತನ ಅಂದಾಜು. ತಾನು ಬಂದಾಗ ಉಳಿದಿದ್ದವರು ಸುಮಾರು 32,000. ರಾಜಧಾನಿಯು ಮೈಸೂರಿಗೆ ಹೋಯಿತು; ಜ್ವರದ ಕಾಟದಿಂದ ಕೆಲವು ವರ್ಷಗಳಲ್ಲಿ ಇಂಗ್ಲಿಷರ ದಂಡೂ ಬೆಂಗಳೂರಿಗೆ ಸಾಗಿತು. ಜನರು ಬಿಟ್ಟುಹೋಗುತ್ತಿದ್ದ ಇಂತಹ ಊರಿನಲ್ಲಿ ದುಬ್ವಾ ತನ್ನ ಕೆಲಸವನ್ನು ಆರಂಭಿಸಿದನು.

3. ಮರಳಿ ಬಂದವರು

ಮಂಗಳೂರಿನ ಕ್ರೈಸ್ತರ ಸೆರೆಯ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. 1780ರಿಂದ 1784ರ ವರೆಗೆ ನಡೆದ ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಸಂದೇಹವು ಟಿಪ್ಪುವಿಗಿತ್ತು. 1784ರ ಫೆಬ್ರವರಿಯಲ್ಲಿ, ತಪಸ್ಸುಕಾಲವು ಆರಂಭವಾಗುವ ಬೂದಿ ಬುಧವಾರದ ದಿನ, ಅವರನ್ನು ಏಕಕಾಲದಲ್ಲಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರೆಂದು ಆ ಸಮುದಾಯದ ಸಂಪ್ರದಾಯವು ಹೇಳುತ್ತದೆ. ಅವರ ಸಂಖ್ಯೆ 60,000ಕ್ಕೂ ಮಿಗಿಲೆಂದು ದುಬ್ವಾನು ಬರೆದಿದ್ದಾನೆ. ಇದರ ಅರ್ಧದಷ್ಟನ್ನು ಹೇಳುವವರೂ ಉಂಟು. ಸೆರೆಯಲ್ಲಿ ಅವರನ್ನು ಬಲಾತ್ಕಾರದಿಂದ ಮತಾಂತರಿಸಲಾಯಿತು. ಶೃಂಗೇರಿಯ ಮಠಕ್ಕೆ ನೆರವು ಕಳುಹಿಸಿದವನೂ ಇದೇ ಟಿಪ್ಪುವೇ ಆದುದರಿಂದ ಆತನ ಧಾರ್ಮಿಕ ನೀತಿಯ ಸಮಗ್ರ ವಿವೇಚನೆಗೆ ಬೇರೊಂದು ಲೇಖನವೇ ಬೇಕು. ನಮಗೆ ಇಲ್ಲಿ ಮುಖ್ಯವಾದವರು ಸೆರೆಸಿಕ್ಕ ಜನರು.

1799ರಲ್ಲಿ ಬಿಡುಗಡೆ ಹೊಂದಿದ ಇವರಲ್ಲಿ ಹೆಚ್ಚಿನವರು ತಮ್ಮ ಹಿಂದಿನ ಮತಕ್ಕೆ ಮರಳಲು ಮುಂದೆ ಬಂದರು. ಹೊರಗಿನ ಆಚಾರ ಬದಲಾಗಿದ್ದರೂ ಒಳಗಿನ ವಿಶ್ವಾಸವನ್ನು ಬಿಟ್ಟಿರಲಿಲ್ಲವೆಂದು ಅವರು ಹೇಳಿಕೊಂಡರು. ಅಂಥವರಲ್ಲಿ ಸುಮಾರು 2,000 ಜನರು ತನ್ನ ಬಳಿಗೆ ಬಂದರೆಂದೂ 20,000ದಷ್ಟು ಜನರು ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿಕೊಂಡರೆಂದೂ ದುಬ್ವಾ ಬರೆದಿದ್ದಾನೆ.

ಈ ಜನರ ವಿಷಯದಲ್ಲಿ ದುಬ್ವಾನ ಲೇಖನಿಯು ಬಹಳ ಕಠಿನವಾದುದು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ತಾನು ಕ್ರೈಸ್ತನೆಂದು ಸಾರಿ ರಕ್ತಸಾಕ್ಷಿಯಾಗಲಿಲ್ಲವೆಂಬುದು ಆತನಿಗೆ ಸಹಿಸಲಾಗದ ನಾಚಿಕೆಯ ಸಂಗತಿಯಾಗಿ ತೋರಿತು. ಮುಂದೆ ಅಂತಹ ಶೋಧನೆ ಬಂದರೆ ಇವರು ಮತ್ತೆ ಹಾಗೆಯೇ ಬಾಗುವರೆಂದೂ ಆತನು ಶಂಕಿಸಿದನು.

ಇಲ್ಲಿ ವಿದ್ಯಾರ್ಥಿಗಳು ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, 1784ರಲ್ಲಿ ದುಬ್ವಾ ಭಾರತದಲ್ಲಿಯೇ ಇರಲಿಲ್ಲ. ಆತನ ಮಾತು ಕೇಳಿ ತಿಳಿದವನ ಮಾತು. ಶ್ರೀರಂಗಪಟ್ಟಣದಲ್ಲಿ ಹಲವು ವರ್ಷ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷನು 1824ರಲ್ಲಿ ಪ್ರಕಟವಾದ ತನ್ನ ಕಥನದಲ್ಲಿ, ಈ ಕ್ರೈಸ್ತರಲ್ಲಿ ಸುಲ್ತಾನನ ಆಜ್ಞೆಗೆ ಎದುರಾದವರ ಕಿವಿ ಮೂಗುಗಳನ್ನು ಕೊಯ್ಯಿಸಿದುದನ್ನು ಹೇಳುತ್ತಾನೆ. ಆದಕಾರಣ ಯಾರೊಬ್ಬರೂ ಎದುರಾಡಲಿಲ್ಲವೆಂಬ ತೀರ್ಪನ್ನು ಹಾಗೆಯೇ ಅಂಗೀಕರಿಸಲಾಗದು. ಎರಡನೆಯದಾಗಿ, ಸೆರೆಯ ಹದಿನೈದು ವರ್ಷಗಳಲ್ಲಿ ಈ ಜನರಿಗೆ ಗುರುಗಳಿರಲಿಲ್ಲ, ದೇವಾಲಯವಿರಲಿಲ್ಲ. ಸೆರೆಗೆ ಬರುವಾಗ ಎಳೆಯ ಮಕ್ಕಳಾಗಿದ್ದವರು ಆ ಅವಧಿಯಲ್ಲಿ ಪ್ರಾಯಕ್ಕೆ ಬಂದಿದ್ದರು. ಅಂಥವರು ಬಾಗಿಲು ತೆರೆದ ಕೂಡಲೆ, ಯಾರ ಬಲವಂತವೂ ಇಲ್ಲದೆ, ಹಿಂದಿನ ವಿಶ್ವಾಸವನ್ನು ಹುಡುಕಿಕೊಂಡು ಬಂದರೆಂದರೆ ಅದನ್ನು ಹಿರಿಯರು ಮಕ್ಕಳ ಕಿವಿಯಲ್ಲಿ ಉಳಿಸಿದ್ದರೆಂದೇ ತಿಳಿಯಬೇಕಾಗುತ್ತದೆ. ಒಂದು ದಿನದ ಸಾವಿಗಿಂತ ಹದಿನೈದು ವರ್ಷದ ಮೌನವು ಸುಲಭವೆಂದು ಹೇಳಲು ನಮಗೆ ಅಧಿಕಾರವಿಲ್ಲ.

ಇನ್ನು ದುಬ್ವಾನ ನಡತೆ. ತಾನೇ ಇಷ್ಟು ಕಟುವಾಗಿ ನಿಂದಿಸಿದ ಜನರನ್ನು ಆತನು ಹಿಂದಕ್ಕೆ ಕಳುಹಿಸಲಿಲ್ಲ. ಬಂದವರನ್ನು ಬರಮಾಡಿಕೊಂಡನು, ಅವರ ನಡುವೆಯೇ ನೆಲಸಿದನು. ಅವರ ಮುಂದಿನ ದಿನಗಳ ವಿಷಯದಲ್ಲಿ ಶಂಕೆಯಿದ್ದರೂ, ಅಂತಹ ಶೋಧನೆಯು ಅವರಿಗೆ ಮತ್ತೆ ಬಾರದಿರಲೆಂದೇ ದೇವರಲ್ಲಿ ಬೇಡಿದನು. ಆತನ ಲೇಖನಿಯು ರಕ್ತಸಾಕ್ಷ್ಯವನ್ನು ಅಳತೆಗೋಲಾಗಿ ಹಿಡಿಯಿತು. ಆತನ ಕೈಯಾದರೋ ಕ್ಷಮೆಯನ್ನು ಹಿಡಿಯಿತು. ತನಗೆ ಸರಿಯೆಂದು ತೋರಿದ ಕೋಪಕ್ಕಿಂತ ತನ್ನ ಪ್ರಭುವಿನ ಆಜ್ಞೆಯನ್ನು ದೊಡ್ಡದೆಂದು ಎಣಿಸುವುದಕ್ಕೆ ವಿಧೇಯತೆಯೆಂದು ಹೆಸರಿಡಬಹುದಾದರೆ, ಅದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ದೊರೆಯುವುದು ವಿರಳ.

4. ದಾಕು ಹಾಕಿದ ಪಾದ್ರಿ

ಹೊಸ ಒಡಂಬಡಿಕೆಯಲ್ಲಿ ಸೇರಿರುವ ಯಾಕೋಬನ ಪತ್ರವು ಕೃತಿಯಲ್ಲಿ ಕಾಣಿಸದ ವಿಶ್ವಾಸಕ್ಕೆ ಬೆಲೆ ಕೊಡುವುದಿಲ್ಲ. ನಡೆ ನುಡಿಗಳು ಒಂದಾಗಬೇಕೆಂಬ ಮಾತನ್ನು ಶರಣರಿಂದ ಕೇಳಿಕೊಂಡು ಬಂದಿರುವ ಕನ್ನಡಿಗರಿಗೆ ಇದು ಹೊಸತಲ್ಲ. ದುಬ್ವಾನ ಕೃತಿಗಳಲ್ಲಿ ಅಧಿಕಾರಿಗಳ ದಾಖಲೆಗೆ ಬಂದದ್ದು ಸಿಡುಬಿನ ವಿರುದ್ಧ ಆತನು ಮಾಡಿದ ಕೆಲಸ.

ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಎಡ್ವರ್ಡ್ ಜೆನ್ನರನು ಪ್ರಕಟಿಸಿದ್ದು 1798ರಲ್ಲಿ. ಭಾರತದಲ್ಲಿ ಮೊದಲ ದಾಕು ಹಾಕಿದ್ದು 1802ರ ಜೂನ್ ತಿಂಗಳಲ್ಲಿ, ಮುಂಬಯಿಯಲ್ಲಿ. ಅದಾಗಿ ಎರಡು ವರ್ಷಗಳೊಳಗೆ, ಎಂದರೆ 1803-04ರಲ್ಲಿ, ದುಬ್ವಾನ ಮುಂದಾಳುತನದಲ್ಲಿ 25,432 ಜನರಿಗೆ ದಾಕು ಹಾಕಿ ಅವರ ಲೆಕ್ಕವನ್ನು ಬರೆದಿಡಲಾಯಿತು.

ಈ ಸಂಖ್ಯೆಯ ಹಿಂದಿರುವ ಶ್ರಮವನ್ನು ಅರಿಯಬೇಕಾದರೆ ಅಂದಿನ ಕ್ರಮವನ್ನು ತಿಳಿಯಬೇಕು. ಆಗ ದಾಕಿನ ಔಷಧವನ್ನು ಸೀಸೆಯಲ್ಲಿಟ್ಟು ಕಾಪಾಡುವ ಉಪಾಯವು ಭರವಸೆಯದಾಗಿರಲಿಲ್ಲ; ಈ ದೇಶದ ಬಿಸಿಲಿಗೆ ಅದು ಬಹುಬೇಗ ಕೆಡುತ್ತಿತ್ತು. ಒಬ್ಬನ ತೋಳಿಗೆ ದಾಕು ಹಾಕಿದ ಎಂಟನೆಯ ದಿನದ ಸುಮಾರಿಗೆ ಎದ್ದ ಗುಳ್ಳೆಯ ನೀರನ್ನು ತೆಗೆದು ಮತ್ತೊಬ್ಬನ ತೋಳಿನ ಗೀರಿಗೆ ಸೋಕಿಸಬೇಕಾಗಿತ್ತು. ತೋಳಿನಿಂದ ತೋಳಿಗೆ ಸಾಗುವ ಈ ಸರಪಣಿಯು ಎಲ್ಲಿಯಾದರೂ ಕಡಿದರೆ ಮತ್ತೆ ದೂರದಿಂದ ಮದ್ದು ತರಿಸಬೇಕು. ಆದುದರಿಂದ ವಾರವಾರವೂ ಹೊಸ ಮಕ್ಕಳ ತಾಯಿತಂದೆಯರನ್ನು ಒಪ್ಪಿಸುತ್ತಲೇ ಇರಬೇಕಾಗಿತ್ತು.

ಒಪ್ಪಿಸುವುದು ಸುಲಭವಾಗಿರಲಿಲ್ಲ. ಸಿಡುಬನ್ನು 'ಅಮ್ಮ'ನೆಂದು ಕರೆದು ಮಾರಿಗೆ ತಂಬಿಟ್ಟು ಆರತಿ ಎತ್ತುವ ನಾಡಿದು. ಒಂದು ಜಾತಿಯ ಮಗುವಿನ ಮೈನೀರನ್ನು ಇನ್ನೊಂದು ಜಾತಿಯ ಮಗುವಿನ ಮೈಗೆ ಹೊಗಿಸುವುದೆಂದರೆ ಮಡಿ ಮೈಲಿಗೆಗಳ ಪ್ರಶ್ನೆಯೂ ಏಳುತ್ತಿತ್ತು. ಇಂತಹ ಕೆಲಸಕ್ಕೆ ಸರ್ಕಾರದ ಆಜ್ಞೆಯೊಂದೇ ಸಾಲದು, ಜನರು ನಂಬುವ ಮನುಷ್ಯನು ಬೇಕು. ದುಬ್ವಾ ಯುರೋಪಿಯನ್ನರ ಸಹವಾಸವನ್ನು ಬಹುಮಟ್ಟಿಗೆ ತೊರೆದು ಈ ನಾಡಿನವರ ಉಡುಪನ್ನು ಉಟ್ಟು, ಅವರ ಊಟವನ್ನು ಉಂಡು, ಅವರ ಮನಸ್ಸಿಗೆ ಹೇಸಿಗೆಯಾಗುವುದನ್ನು ದೂರವಿಟ್ಟು ಬಾಳಿದ್ದನು. ಜನರು ಆತನನ್ನು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದುದು ಈ ಬಾಳಿಗೆ ಸಂದ ಮನ್ನಣೆ. ದಾಕು ಹಾಕಿಸಿಕೊಂಡ ಇಪ್ಪತ್ತೈದು ಸಾವಿರ ಜನರ ಸಂಖ್ಯೆಯನ್ನು ಆತನ ಬಳಿಗೆ ಮರಳಿದ ಎರಡು ಸಾವಿರ ಕ್ರೈಸ್ತರ ಸಂಖ್ಯೆಯೊಂದಿಗೆ ಹೋಲಿಸಿದರೆ, ಈ ಸೇವೆಯು ಸ್ವಮತದವರಿಗಷ್ಟೇ ಮೀಸಲಾಗಿರಲಿಲ್ಲವೆಂಬುದು ತಾನಾಗಿಯೇ ವಿದಿತವಾಗುತ್ತದೆ. ಇದಲ್ಲದೆ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಒದಗಿಸುವ ಸಲುವಾಗಿ ಹಾಸನದ ಸಮೀಪದಲ್ಲಿ ಒಕ್ಕಲು ನೆಲೆಯೊಂದನ್ನೂ ಆತನು ಏರ್ಪಡಿಸಿದನು.

5. ಸೋಲಿನ ಒಪ್ಪಿಗೆ

ಇಷ್ಟರಲ್ಲಿಯೇ ನಿಂತಿದ್ದರೆ ದುಬ್ವಾನು ಸೇವಾಪರನಾದ ಹಲವು ಪಾದ್ರಿಗಳಲ್ಲಿ ಒಬ್ಬನಾಗಿ ಉಳಿಯುತ್ತಿದ್ದನು. ಆತನನ್ನು ಬೇರೆಯಾಗಿ ನಿಲ್ಲಿಸುವುದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳ ಸಂಪುಟ.

ಈ ಪತ್ರಗಳಲ್ಲಿ ಆತನು ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತಾನೆ. ಇಪ್ಪತ್ತೈದು ವರ್ಷ ಹಿಂದೂವಿನಂತೆಯೇ ಬಾಳಿ, ದೇಶೀಯ ಪಾದ್ರಿಯೊಬ್ಬನ ನೆರವನ್ನೂ ಪಡೆದು, ತಾನು ಹೊಸದಾಗಿ ಕ್ರೈಸ್ತಮತಕ್ಕೆ ತಂದವರು 200ರಿಂದ 300 ಮಂದಿ ಮಾತ್ರ. ಅವರಲ್ಲಿಯೂ ಹೆಚ್ಚಿನವರು ದಿಕ್ಕಿಲ್ಲದೆ, ಅಥವಾ ಮದುವೆ ಮೊದಲಾದ ಸ್ವಪ್ರಯೋಜನಗಳಿಗಾಗಿ ಬಂದವರು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಮುಂದುವರಿದು, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಮನುಷ್ಯಪ್ರಯತ್ನದಿಂದ ಸಾಧ್ಯವೇ ಇಲ್ಲವೆಂಬ ನಿರ್ಣಯಕ್ಕೆ ಬರುತ್ತಾನೆ. ಬೈಬಲ್ಲಿನ ಭಾಷಾಂತರಗಳನ್ನು ಅಚ್ಚುಹಾಕಿ ಹಂಚಿದರೆ ಈ ಕಾರ್ಯವು ಕೈಗೂಡುವುದೆಂದು ನಂಬಿದ್ದ ಪ್ರಾಟೆಸ್ಟೆಂಟ್ ಮಿಷನರಿಗಳಿಗೆ ಇದು ಸಿಡಿಲಿನಂತೆ ಬಡಿಯಿತು. 1824ರಲ್ಲಿಯೇ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬವರು ಪುಸ್ತಕ ಬರೆದು ಇವನನ್ನು ಖಂಡಿಸಿದರು.

ಈ ವಾದದಲ್ಲಿ ಯಾರ ಪಕ್ಷವು ಸರಿಯೆಂಬುದು ಇಲ್ಲಿ ಅಪ್ರಕೃತ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ತನ್ನ ಕೆಲಸವು ಫಲಿಸದೆಂದು ಬಲ್ಲವನು ಅದರಲ್ಲಿ ಅಷ್ಟು ವರ್ಷ ಏಕೆ ಉಳಿದನು? ಫಲವೇ ವಿಶ್ವಾಸಕ್ಕೆ ಆಧಾರವಾಗಿದ್ದರೆ ಆತನು ಹತ್ತು ವರ್ಷಗಳಲ್ಲಿಯೇ ಹಿಂದಿರುಗಬೇಕಾಗಿತ್ತು. ಇಲ್ಲವೆ ಸಂಖ್ಯೆಗಳನ್ನು ಉಬ್ಬಿಸಿ ಬರೆಯಬೇಕಾಗಿತ್ತು. ಆತನು ಎರಡನ್ನೂ ಮಾಡಲಿಲ್ಲ. ಕರೆದವನು ದೇವರು, ಫಲವನ್ನು ಕೊಡುವವನೂ ಆತನೇ, ಸತ್ಯವನ್ನು ಹೇಳಬೇಕಾದವನು ತಾನು ಎಂಬ ನಿಲುವು ಇದರ ಹಿಂದೆ ಇದೆಯೆಂದು ನಮಗೆ ತೋರುತ್ತದೆ. ತಮ್ಮ ಸೋಲನ್ನು ತಾವೇ ಬರೆದಿಡುವ ಸೇವಕರು ಯಾವ ಮತದಲ್ಲಿಯೂ ಯಾವ ಸರ್ಕಾರದಲ್ಲಿಯೂ ಹೆಚ್ಚಾಗಿ ಕಾಣುವುದಿಲ್ಲ.

6. ಆತನ ಕುಂದುಗಳು

ವ್ಯಕ್ತಿಯನ್ನು ಹೊಗಳುವ ಭರದಲ್ಲಿ ಕುಂದುಗಳನ್ನು ಮರೆಯುವುದು ಇತಿಹಾಸಕಾರನಿಗೆ ಸಲ್ಲದು. ದುಬ್ವಾನ ಪ್ರಸಿದ್ಧ ಗ್ರಂಥದ ಹಸ್ತಪ್ರತಿಯನ್ನು, ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನ ಶಿಫಾರಸಿನಿಂದ, ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಹೊರಬಂದಿತು. ಆತನು ತಿದ್ದಿ ಬೆಳೆಸಿದ ಪಾಠವು ಬ್ಯೂಚಾಂಪನ ಸಂಪಾದಕತ್ವದಲ್ಲಿ 1897ರಲ್ಲಿ ಪ್ರಕಟವಾಯಿತು. ಬಹುಕಾಲ ಇದೆಲ್ಲವೂ ಆತನ ಸ್ವಂತ ಪರಿಶೀಲನೆಯ ಫಲವೆಂದೇ ಭಾವಿಸಲಾಗಿತ್ತು. ಆದರೆ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿಯು, ಆತನು ಮೊದಲು ಬರೆದ ಪಾಠದ ಬಹುಭಾಗವು ಪುದುಚೇರಿಯಲ್ಲಿದ್ದ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಹಳೆಯ ಬರಹವನ್ನು ಅವಲಂಬಿಸಿದೆಯೆಂದು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟಳು. ಆ ಮೂಲವನ್ನು ದುಬ್ವಾನು ಹೆಸರಿಸಿಲ್ಲ. ತನ್ನ ಸೋಲನ್ನು ಮರೆಮಾಚದವನು ತನ್ನ ಸಾಲವನ್ನು ಮರೆಮಾಚಿದನು. ಅಲ್ಲದೆ ಬ್ರಾಹ್ಮಣರನ್ನು ಕುರಿತು ಆತನ ತೀರ್ಪುಗಳು ಅನೇಕ ಕಡೆ ಪೂರ್ವಗ್ರಹದಿಂದ ಕೂಡಿವೆ; ಬಡಜನರ ಮತಾಂತರವನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವಲ್ಲಿ ಅವರ ಬವಣೆಯ ಅರಿವು ಸಾಲದು.

1823ರ ಜನವರಿಯಲ್ಲಿ ದುಬ್ವಾ ಭಾರತವನ್ನು ಬಿಟ್ಟನು. ಕಂಪನಿಯು ಆತನಿಗೆ ವಿಶ್ರಾಂತಿ ವೇತನವನ್ನು ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ ಆತನು ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದನು; 1836ರಿಂದ 1839ರ ವರೆಗೆ ತನ್ನ ಮಿಷನ್ ಸಂಘದ ಮುಖ್ಯಸ್ಥನಾಗಿದ್ದನು. ಪೂರ್ವದೇಶಗಳಿಗೆ ಹೊರಡುವ ತರುಣ ಪಾದ್ರಿಗಳ ಸಂಘಕ್ಕೆ, ಅಲ್ಲಿ ಗೆಲುವು ಅಸಾಧ್ಯವೆಂದು ಬರೆದಿದ್ದವನೇ ಹಿರಿಯನಾದನೆಂಬುದು ಗಮನಾರ್ಹ. 1848ರಲ್ಲಿ ಆತನು ತೀರಿಕೊಂಡನು.

7. ಉಪಸಂಹಾರ

ಶ್ರೀರಂಗಪಟ್ಟಣದಲ್ಲಿ ದುಬ್ವಾನ ಹೆಸರಿನಿಂದಲೇ ಗುರುತಿಸಲ್ಪಡುವ ಚರ್ಚು ಇಂದಿಗೂ ಇದೆ. ಮದ್ದೂರು, ಮಂಡ್ಯಗಳ ಮೇಲೆ ಮೈಸೂರಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ರಂಗನಾಥನ ಗುಡಿಯನ್ನೂ ಜುಮ್ಮಾ ಮಸೀದಿಯನ್ನೂ ನೋಡುವಂತೆ ಅದನ್ನೂ ನೋಡಿ ಬರುವುದು ಉಚಿತ. ಅಲ್ಲಿ ನಿಂತಾಗ ನೆನೆಯಬೇಕಾದವನು ಪಾದ್ರಿಯೊಬ್ಬನೇ ಅಲ್ಲ. ಆತನಿಂದ ಹೇಡಿಗಳೆನಿಸಿಕೊಂಡೂ ಆತನ ಬಾಗಿಲಿಗೆ ಬಂದ ಆ ಎರಡು ಸಾವಿರ ಜನರನ್ನೂ ನೆನೆಯಬೇಕು. ಅವರ ಹೆಸರುಗಳನ್ನು ಆತನ ಪತ್ರಗಳು ಹೇಳುವುದಿಲ್ಲ.

ವಿಶ್ವಾಸವನ್ನು ಒಂದು ಕ್ಷಣದ ಧೈರ್ಯದಿಂದ ಅಳೆಯುವುದು ಸುಲಭ. ಬರಹಗಳೂ ಶಾಸನಗಳೂ ಅಂತಹ ಕ್ಷಣಗಳನ್ನೇ ನೆನಪಿಡುತ್ತವೆ. ಆದರೆ ಸೆರೆಯವರು ತೋರಿದ್ದು ಬಾಗಿದ ಮೇಲೆಯೂ ಮರಳುವ ನಿಷ್ಠೆ. ದುಬ್ವಾ ತೋರಿದ್ದು ಫಲ ಕಾಣದಿದ್ದರೂ ಕೆಲಸ ಬಿಡದ ನಿಷ್ಠೆ, ಮತ್ತು ಕೋಪವಿದ್ದರೂ ಬಾಗಿಲು ಮುಚ್ಚದ ನಿಷ್ಠೆ. ಇವೆರಡೂ ಕಾವೇರಿಯ ದಡದ ಆ ಹಾಳೂರಿನಲ್ಲಿ ಒಂದನ್ನೊಂದು ಸಂಧಿಸಿದುವು. ತನ್ನ ಪತ್ರಗಳಲ್ಲಿ ದುಬ್ವಾನು ಆ ಜನರಿಗೆ ಕೊಟ್ಟ ತೀರ್ಪಿಗಿಂತ ಅವರನ್ನು ಬರಮಾಡಿಕೊಂಡ ಆತನ ನಡತೆಯೇ ಹೆಚ್ಚು ನ್ಯಾಯವಾದುದೆಂದು ಈ ಲೇಖಕನ ಅಭಿಪ್ರಾಯ. ಮಳವಳ್ಳಿಯ ವಿದ್ಯಾರ್ಥಿಯು ಕೇಳಿದ ಪ್ರಶ್ನೆಗೆ ಸದ್ಯಕ್ಕೆ ಕೊಡಬಹುದಾದ ಉತ್ತರವಿಷ್ಟು: ಸೆರೆಯಲ್ಲಿದ್ದವರಲ್ಲಿ ಬಹುಮಂದಿ ಮನೆಗೆ ಹೋದರು, ಕೆಲವರು ಇಲ್ಲಿಯೇ ಉಳಿದರು, ಅವರನ್ನು ಬಯ್ದವನೇ ಅವರೊಡನೆ ಉಳಿದನು.